ನಕ್ಷೆಗೆ ಕಾಸು ಕೊಟ್ಟವರು ಯಾರು?

ಬಜೆಟ್ ಮಂಡನೆಯಾದ ಮರುದಿನ ಪತ್ರಿಕೆಗಳಲ್ಲಿ ನಾವು ಹುಡುಕುವುದು ಸಾಮಾನ್ಯವಾಗಿ ಎರಡು ಸಂಗತಿಗಳನ್ನು. ಯಾವುದರ ಬೆಲೆ ಏರಿತು, ನಮ್ಮ ಜಿಲ್ಲೆಗೆ ಏನು ಸಿಕ್ಕಿತು. ಮೇಲ್ಸೇತುವೆಗೆ ಎಷ್ಟು ಕೋಟಿ, ಮೆಟ್ರೋಗೆ ಎಷ್ಟು ಕೋಟಿ ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ಊರು ಯಾವ ದಿಕ್ಕಿಗೆ ಬೆಳೆಯಬೇಕು, ಯಾವ ನೆಲ ಮನೆಗೆ, ಯಾವುದು ಕೆರೆಗೆ, ಯಾವುದು ಶಾಲೆಗೆ, ಯಾವುದು ಸ್ಮಶಾನ ಮತ್ತು ಖಬರಸ್ಥಾನಕ್ಕೆ ಎಂದು ತೀರ್ಮಾನಿಸುವ ಕೆಲಸಕ್ಕೆ ಎಷ್ಟು ಹಣ ಇಟ್ಟಿದ್ದಾರೆ? ಪಕ್ಕದ ನಿವೇಶನದಲ್ಲಿ ಏಳುತ್ತಿರುವ ಐದಂತಸ್ತಿನ ಕಟ್ಟಡದ ಕಂಬಗಳು ಗಟ್ಟಿಯಿವೆಯೇ ಎಂದು ನೋಡಬೇಕಾದ ಇಂಜಿನಿಯರನ ಸಂಬಳ ಎಲ್ಲಿಂದ ಬರುತ್ತದೆ? ಈ ಪ್ರಶ್ನೆಯನ್ನು ನಾವು ಕೇಳಿದ್ದು ಕಡಿಮೆ.

ಸರ್ಕಾರದ ಆಯವ್ಯಯ ಪುಸ್ತಕದಲ್ಲಿ ನಗರಾಭಿವೃದ್ಧಿಗೆ 2217 ಎಂಬ ಲೆಕ್ಕ ಶೀರ್ಷಿಕೆಯಿದೆ. ನಗರದ ಹೆಸರಿನಲ್ಲಿ ಆಗುವ ನಾನಾ ಬಗೆಯ ಖರ್ಚುಗಳು ಅದರಡಿ ಬರುತ್ತವೆ. ದೊಡ್ಡ ದೊಡ್ಡ ಅನುದಾನಗಳ ನಡುವೆ ಯೋಜನೆ ಮತ್ತು ನಿಯಂತ್ರಣದ ಬಾಬತ್ತು ಹುಡುಕಬೇಕಾದಷ್ಟು ಸಣ್ಣದು. ಇದು ಆಕಸ್ಮಿಕವಲ್ಲ. ಇದರ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆಯನ್ನು ಸ್ವಲ್ಪ ಬಿಡಿಸಿ ನೋಡಿದರೆ, ಇಂದು ಅಕ್ರಮ-ಸಕ್ರಮ, ಬಿ ಖಾತಾ, ಒತ್ತುವರಿ ತೆರವು ಎಂಬ ಹೆಸರುಗಳಲ್ಲಿ ನಮ್ಮನ್ನು ಕಾಡುವ ಸಮಸ್ಯೆಗಳ ಬೇರು ಎಲ್ಲಿದೆ ಎಂಬುದು ಗೊತ್ತಾಗುತ್ತದೆ.

ಪ್ಲೇಗು ಹೆತ್ತ ಟ್ರಸ್ಟು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಗೋವಾ ಮೂಲದ ವೈದ್ಯ ಡಾ. ಅಕಾಸಿಯೊ ವಿಯೆಗಾಸ್. ಜನ ಊರು ಬಿಟ್ಟು ಓಡಿದರು, ಗಿರಣಿಗಳು ನಿಂತವು, ಬಂದರಿನ ವ್ಯಾಪಾರಕ್ಕೆ ಪೆಟ್ಟು ಬಿತ್ತು. 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಚಾಳುಗಳೇ ರೋಗಕ್ಕೆ ಕಾರಣವೆಂದು ನಂಬಿದ ಸರ್ಕಾರ 1898ರಲ್ಲಿ ಮುಂಬಯಿ ನಗರ ಸುಧಾರಣಾ ಕಾಯ್ದೆಯನ್ನು ತಂದು ಸುಧಾರಣಾ ಟ್ರಸ್ಟನ್ನು ಸ್ಥಾಪಿಸಿತು. ಗವರ್ನರ್ ಲಾರ್ಡ್ ಸ್ಯಾಂಡ್‌ಹರ್ಸ್ಟ್ ಅದರ ಮುಂದಾಳು.

ಈ ಟ್ರಸ್ಟಿನ ಹಣಕಾಸಿನ ಏರ್ಪಾಡು ಗಮನಿಸಬೇಕಾದದ್ದು. ಸರ್ಕಾರ ತನ್ನ ಬೊಕ್ಕಸದಿಂದ ವರ್ಷ ವರ್ಷ ಹಣ ಕೊಟ್ಟು ಊರನ್ನು ಸರಿಪಡಿಸುವ ಹೊಣೆ ಹೊರಲಿಲ್ಲ. ತನ್ನ ಮತ್ತು ಮುನಿಸಿಪಾಲಿಟಿಯ ಖಾಲಿ ಜಮೀನುಗಳನ್ನು ಟ್ರಸ್ಟಿಗೆ ಒಪ್ಪಿಸಿತು. ಮುನಿಸಿಪಾಲಿಟಿ ತನ್ನ ತೆರಿಗೆಯಲ್ಲಿ ಒಂದು ಪಾಲು ಕೊಡಬೇಕಾಯಿತು. ಉಳಿದದ್ದನ್ನು ಟ್ರಸ್ಟು ಸಾಲಪತ್ರಗಳ ಮೂಲಕ ಎತ್ತಬೇಕು. ಆ ಸಾಲ ತೀರುವುದು ಹೇಗೆ? ಹಳೆಯ ಕೇರಿಗಳನ್ನು ಕೆಡವಿ ಅಗಲ ರಸ್ತೆ ಮಾಡಿದಾಗ ಅದರ ಇಕ್ಕೆಲಗಳ ನೆಲದ ಬೆಲೆ ಏರುತ್ತದೆ. ಆ ನೆಲವನ್ನು ಗುತ್ತಿಗೆಗೆ ಕೊಟ್ಟು ಬಂದ ಹಣದಿಂದ.

ಹೀಗೆ ಊರಿನ ಆರೋಗ್ಯಕ್ಕಾಗಿ ಹುಟ್ಟಿದ ಸಂಸ್ಥೆ ಹುಟ್ಟುವಾಗಲೇ ನೆಲದ ಬೆಲೆಯನ್ನು ನೆಚ್ಚಿಕೊಂಡಿತು. ನೆಲದ ಬೆಲೆ ಏರಬೇಕಾದರೆ ಅಲ್ಲಿ ಬಡವರು ಇರಬಾರದು! ಮೊದಲ ಯೋಜನೆ ನಾಗಪಾಡಾದಲ್ಲಿ ನಡೆಯಿತು. ಗಿರಣಿ, ಬಂದರುಗಳಲ್ಲಿ ದುಡಿಯುವ ಮಂದಿ ತುಂಬಿದ್ದ ಕೇರಿ ಅದು. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರಸ್ತೆಗಳು ಹಳೆಯ ಮನೆಗಳ ನಡುವೆ ಹಾದುಹೋದವು. ಮೊದಲ ವರ್ಷಗಳಲ್ಲಿ ಟ್ರಸ್ಟು ಕಟ್ಟಿದ ಮನೆಗಳಿಗಿಂತ ಕೆಡವಿದ ಮನೆಗಳೇ ಹೆಚ್ಚು. ಒಕ್ಕಲೆದ್ದವರು ಪಕ್ಕದ ಕೇರಿಗೆ ಹೋಗಿ ಅಲ್ಲಿನ ಕಿಕ್ಕಿರಿತವನ್ನು ಇನ್ನಷ್ಟು ಹೆಚ್ಚಿಸಿದರು, ಬಾಡಿಗೆ ಏರಿತು. ದಾದರ್, ಮಾಟುಂಗಾ ಕಡೆಯ ಹೊಸ ಬಡಾವಣೆಗಳು ಅಚ್ಚುಕಟ್ಟಾಗಿ ಬಂದವು ನಿಜ. ಅವುಗಳಲ್ಲಿ ನೆಲೆಸಿದವರು ಬಹುಪಾಲು ಮಧ್ಯಮ ವರ್ಗದವರು. ಟ್ರಸ್ಟಿನ ಮಂಡಳಿಯಲ್ಲಿ ಸರ್ಕಾರ, ಕಾರ್ಪೊರೇಷನ್, ವಾಣಿಜ್ಯ ಮಂಡಳಿ, ಬಂದರು ಟ್ರಸ್ಟು, ಗಿರಣಿ ಮಾಲೀಕರ ಪ್ರತಿನಿಧಿಗಳಿದ್ದರು. ಮನೆ ಕಳೆದುಕೊಂಡವರ ಪರವಾಗಿ ಕೂತವರು ಇರಲಿಲ್ಲ. 1933ರಲ್ಲಿ ಟ್ರಸ್ಟು ಮುನಿಸಿಪಲ್ ಕಾರ್ಪೊರೇಷನ್ನಿನಲ್ಲಿ ವಿಲೀನವಾಯಿತು. ಆದರೆ ಅದು ಹಾಕಿಕೊಟ್ಟ ಮೇಲ್ಪಂಕ್ತಿ ಉಳಿಯಿತು.

ಮೈಸೂರು ಸೀಮೆಗೆ ಬಂದ ಪಾಠ

ಪ್ಲೇಗು ರೈಲು ಹತ್ತಿ ಹುಬ್ಬಳ್ಳಿ ಕಡೆಯಿಂದ 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಿನಲ್ಲಿ ಆಗ ಎರಡು ಊರುಗಳು, ಎರಡು ಮುನಿಸಿಪಾಲಿಟಿಗಳು. ಪೇಟೆಗೂ ದಂಡಿಗೂ ಪ್ರತ್ಯೇಕ ಮಂಡಳಿಗಳು 1862ರಲ್ಲೇ ಆಗಿದ್ದವು. ಪೇಟೆಯ ಗಲ್ಲಿಗಳಲ್ಲಿ ಸಾವು ಹೆಚ್ಚಾದಾಗ ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳಿಗೆ ಜೀವ ಬಂತು. ದಂಡು ಪ್ರದೇಶದಲ್ಲಿ 1906ರಿಂದಾಚೆಗೆ ಫ್ರೇಜರ್ ಟೌನ್ ಎದ್ದಿತು. ಆಗಿನ ರೆಸಿಡೆಂಟ್ ಸ್ಟುವರ್ಟ್ ಫ್ರೇಜರನ ಹೆಸರು ಅದಕ್ಕೆ. ಮೈಸೂರು ನಗರದಲ್ಲಿ 1903ರಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಸ್ಥಾಪನೆಯಾಯಿತು. ಇಂದು ನಾವು ಮೈಸೂರಿನ ಅಗಲ ರಸ್ತೆಗಳನ್ನೂ ವೃತ್ತಗಳನ್ನೂ ಮೆಚ್ಚುವಾಗ ಆ ಮೆಚ್ಚುಗೆಯ ಒಂದು ಪಾಲು ಆ ಬೋರ್ಡಿಗೆ ಸಲ್ಲಬೇಕು.

ಆದರೂ ಒಂದು ಮಾತು ಸ್ಪಷ್ಟ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಪದ್ಧತಿ ಇಲ್ಲಿಯೂ ನಡೆಯಿತು. ಚರಂಡಿಗೆ, ಅಗಲ ರಸ್ತೆಗೆ, ಗಾಳಿಯಾಡುವ ಮನೆಗೆ ಹಣ ಸಿಕ್ಕಿದ್ದು ಹೆಣಗಳು ಬಿದ್ದ ಮೇಲೆ. ಅದೂ ಹೊಸ ನಿವೇಶನ ಕೊಳ್ಳುವ ಶಕ್ತಿಯಿದ್ದವರಿಗೆ ಮೊದಲು ದಕ್ಕಿತು. ಪೇಟೆಯಲ್ಲೇ ಉಳಿದ ನೇಕಾರ, ಕಮ್ಮಾರ, ಕೂಲಿಕಾರರ ಕೇರಿಗಳು ಬಹುಕಾಲ ಇದ್ದ ಹಾಗೆಯೇ ಇದ್ದವು.

ಮೂಸಿಯ ದಂಡೆಯ ಇನ್ನೊಂದು ದಾರಿ

ಇದಕ್ಕಿಂತ ಬೇರೆಯಾದ ದಾರಿ ಇರಲಿಲ್ಲವೇ? ಇತ್ತು. ಅದಕ್ಕೆ ನಾವು ಹೈದರಾಬಾದಿಗೆ ಹೋಗಬೇಕು. ಕಲಬುರಗಿ, ಬೀದರ್, ರಾಯಚೂರುಗಳು ಆಗ ಆ ಸಂಸ್ಥಾನದ ಭಾಗವಾಗಿದ್ದುದರಿಂದ ಅದು ನಮ್ಮದೇ ಚರಿತ್ರೆಯೂ ಹೌದು.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ದಂಡೆಯ ಕೇರಿಗಳು ಕೊಚ್ಚಿಹೋದವು. ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರ್ಕಾರ 1909ರಲ್ಲಿ ಕನ್ನಡಿಗ ಇಂಜಿನಿಯರ್ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ಪ್ರವಾಹವನ್ನು ನಗರದಲ್ಲಿ ತಡೆಯಲಾಗದು, ನಗರಕ್ಕೆ ಮುಟ್ಟುವ ಮೊದಲೇ ಮೇಲೆ ಜಲಾಶಯಗಳಲ್ಲಿ ಹಿಡಿಯಬೇಕು ಎಂಬುದು ಅವರ ಸಲಹೆಯ ತಿರುಳು. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಅದರಂತೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ನಿರ್ಮಾಣವಾದವು. ಪ್ರವಾಹ ತಡೆಯಲು ಕಟ್ಟಿದ ಕೆರೆಗಳು ಊರಿಗೆ ಕುಡಿಯುವ ನೀರನ್ನೂ ಕೊಟ್ಟವು.

1912ರಲ್ಲಿ ಹೈದರಾಬಾದಿನಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಮುಂದೆ ನಿಜಾಮರ ಮಗ ಮುಅಝ್ಝಮ್ ಜಾಹ್ ಅದರ ಅಧ್ಯಕ್ಷರಾಗಿದ್ದರು. ಇಂದಿಗೂ ನಿಂತಿರುವ ಮುಅಝ್ಝಮ್ ಜಾಹಿ ಮಾರುಕಟ್ಟೆಗೆ ಅವರದೇ ಹೆಸರು. ಚಾರ್‌ಮಿನಾರಿನ ಬಳಿಯ ಪಥರ್‌ಗಟ್ಟಿಯ ಕಲ್ಲಿನ ಅಂಗಡಿ ಸಾಲು ಈ ಮಂಡಳಿಯ ಕೆಲಸ. ಅದಕ್ಕಿಂತ ಮುಖ್ಯವಾದದ್ದು ಕೊಳೆಗೇರಿಗಳನ್ನು ತೆರವು ಮಾಡಿದ ಕಡೆ ಬಡವರಿಗಾಗಿ ಕಟ್ಟಿದ ಬಾಡಿಗೆ ಮನೆಗಳು. ಈ ಮಂಡಳಿ ಬಹುಮಟ್ಟಿಗೆ ಸರ್ಕಾರದ ಖಜಾನೆಯ ಹಣವನ್ನು ಅವಲಂಬಿಸಿತ್ತು. ನೆಲ ಮಾರಿ ಲಾಭ ಮಾಡಿ ಸಾಲ ತೀರಿಸಲೇಬೇಕು ಎಂಬ ಒತ್ತಡ ಮುಂಬಯಿಯಷ್ಟು ಇರಲಿಲ್ಲವಾದ್ದರಿಂದ ಬಡವರ ಮನೆಯ ಬಗ್ಗೆ ಯೋಚಿಸುವ ಅವಕಾಶ ಅದಕ್ಕೆ ಸಿಕ್ಕಿತು.

ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಕೊಂಡಾಡಬೇಕಿಲ್ಲ. ಅರಸೊತ್ತಿಗೆಯಲ್ಲಿ ಪ್ರಜೆಗೆ ಕೇಳುವ ಹಕ್ಕಿರಲಿಲ್ಲ. ಕಲಬುರಗಿ, ರಾಯಚೂರುಗಳಿಗೆ ರಾಜಧಾನಿಗೆ ದಕ್ಕಿದ ಗಮನ ದಕ್ಕಲಿಲ್ಲ. ನಾವು ಇಲ್ಲಿ ಗುರುತಿಸಬೇಕಾದದ್ದು ಇಷ್ಟೇ. ನಗರ ಯೋಜನೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದೇ ಆ ಯೋಜನೆ ಯಾರ ಪರವಾಗಿರುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುತ್ತದೆ.

ಇದೇ ಕಾಲದಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡೆಸ್ ಭಾರತಕ್ಕೆ ಬಂದರು. 1914ರಿಂದ ಮದ್ರಾಸ್ ಪ್ರಾಂತ್ಯದ ಊರುಗಳು, ಲಖನೌ, ಬರೋಡಾ, ಇಂದೋರ್ ಮೊದಲಾದ ಕಡೆ ಸುತ್ತಿ ವರದಿ ಬರೆದರು. 1919ರಿಂದ ಕೆಲವು ವರ್ಷ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಕಲಿಸಿದರು. ಹಳೆಯ ಕೇರಿಯ ನಡುವೆ ನೆಟ್ಟಗೆ ಗೆರೆ ಎಳೆದು ಮನೆಗಳನ್ನು ಉರುಳಿಸುವುದು ಕ್ರೂರವೂ ಹೌದು, ದುಬಾರಿಯೂ ಹೌದು ಎಂದು ಅವರು ವಾದಿಸಿದರು. ಬಿದ್ದುಹೋಗುವಂಥ ಕೆಲವು ಮನೆಗಳನ್ನು ಮಾತ್ರ ತೆಗೆದು, ಆ ಜಾಗವನ್ನು ಸಣ್ಣ ಬಯಲಾಗಿ ಉಳಿಸಿ, ಬಾವಿ ಕೆರೆಗಳನ್ನು ಶುಚಿಗೊಳಿಸಿ, ಜನ ಇದ್ದಲ್ಲೇ ಇರುವಂತೆ ಊರನ್ನು ಗುಣಪಡಿಸಬಹುದು. ಇದರ ಖರ್ಚು ಒಂದು ಸಣ್ಣ ಪಾಲು ಮಾತ್ರ ಎಂಬುದು ಅವರ ನಿಲುವು. ಅಧಿಕಾರಿಗಳು ವರದಿಗಳನ್ನು ಓದಿದರು, ಬಹುಮಟ್ಟಿಗೆ ಕಪಾಟಿನಲ್ಲಿಟ್ಟರು.

ಸ್ವಾತಂತ್ರ್ಯ ಬಂತು, ಲೆಕ್ಕ ಬದಲಾಗಲಿಲ್ಲ

1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಊರುಗಳ ಚೆಲುವಿನ ಬಗ್ಗೆ ತಲೆಕೆಡಿಸಿಕೊಂಡವರು. ರಸ್ತೆ, ಉದ್ಯಾನ, ವೃತ್ತ, ಬೀದಿದೀಪಗಳನ್ನು ಖುದ್ದಾಗಿ ಸುತ್ತಾಡಿ ನೋಡುತ್ತಿದ್ದ ಆಡಳಿತಗಾರ. ಮುಂದೆ ಜೈಪುರದ ಪ್ರಧಾನಿಯಾಗಿ ಅಲ್ಲಿಯೂ ಅದೇ ಕೆಲಸ ಮಾಡಿದರು. ಆದರೆ ಒಬ್ಬ ದಿವಾನರ ಶ್ರದ್ಧೆ ವ್ಯವಸ್ಥೆಯಾಗಿ ಉಳಿಯುವುದಿಲ್ಲ. 1945ರಲ್ಲಿ ಬೆಂಗಳೂರಿಗೆ ನಗರ ಸುಧಾರಣಾ ಟ್ರಸ್ಟ್ ಬೋರ್ಡು ಬಂದಾಗ ಅದರ ಬೆನ್ನೆಲುಬಾದದ್ದು ಮುಂಬಯಿಯ ಹಳೆಯ ಸೂತ್ರವೇ. ಜಮೀನು ಸ್ವಾಧೀನ ಮಾಡಿಕೋ, ಬಡಾವಣೆ ಮಾಡು, ನಿವೇಶನ ಹಂಚು, ಬಂದ ಹಣದಲ್ಲಿ ಮುಂದಿನ ಬಡಾವಣೆ ಮಾಡು. 1948ರಲ್ಲಿ ರಾಜಾಜಿಯವರು ಶಂಕುಸ್ಥಾಪನೆ ಮಾಡಿದ ಜಯನಗರ ಇದರ ಒಳ್ಳೆಯ ಫಲ. ನೆರಳಿನ ರಸ್ತೆಗಳು, ಮೈದಾನಗಳು, ಮಾರುಕಟ್ಟೆಗಳಿರುವ ಆ ಬಡಾವಣೆಯ ಗುಣವನ್ನು ಯಾರೂ ಅಲ್ಲಗಳೆಯಲಾರರು.

1961ರಲ್ಲಿ ಮೈಸೂರು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ರೂಪುಗೊಂಡು 1965ರಲ್ಲಿ ಜಾರಿಗೆ ಬಂತು. ಪ್ರತಿ ಊರಿಗೂ ಭೂಬಳಕೆಯ ನಕ್ಷೆ ಇರಬೇಕು, ನಕ್ಷೆಗೆ ಹೊರತಾದ ಬಳಕೆಗೆ ಅನುಮತಿ ಪಡೆಯಬೇಕು ಎಂಬ ತತ್ವ ಕಾನೂನಾಯಿತು. ಬೆಂಗಳೂರಿನ ಸ್ಥೂಲ ಅಭಿವೃದ್ಧಿ ಯೋಜನೆಗೆ 1972ರಲ್ಲಿ, ಸಮಗ್ರ ಯೋಜನೆಗೆ 1984ರಲ್ಲಿ, ಅದರ ಪರಿಷ್ಕರಣೆಗೆ 1995ರಲ್ಲಿ, 2015ರವರೆಗಿನ ಮಾಸ್ಟರ್ ಪ್ಲಾನ್‌ಗೆ 2007ರಲ್ಲಿ ಒಪ್ಪಿಗೆ ಸಿಕ್ಕಿತು. ಈ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಊರು ಓಡುತ್ತಿತ್ತು, ನಕ್ಷೆ ಏದುಸಿರು ಬಿಡುತ್ತ ಹಿಂಬಾಲಿಸುತ್ತಿತ್ತು ಎಂಬುದು ತಿಳಿಯುತ್ತದೆ. 2031ರವರೆಗಿನ ಕರಡು ನಕ್ಷೆ 2017ರಲ್ಲಿ ಹೊರಬಂದು 2020ರಲ್ಲಿ ಹಿಂಪಡೆಯಲ್ಪಟ್ಟಿತು.

1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಂದಾಗ ಒಂದು ಗೊಂದಲ ಕಾನೂನಿನೊಳಗೇ ಸೇರಿತು. ಊರಿನ ನೆಲಕ್ಕೆ ನಿಯಮ ಹಾಕುವ ಯೋಜನಾ ಸಂಸ್ಥೆಯೂ ಅದೇ, ನೆಲ ಸ್ವಾಧೀನ ಮಾಡಿಕೊಂಡು ನಿವೇಶನ ಮಾರುವ ಸಂಸ್ಥೆಯೂ ಅದೇ. ಅದರ ಆದಾಯದ ದೊಡ್ಡ ಮೂಲ ನಿವೇಶನ ಮಾರಾಟ, ಮೂಲೆ ನಿವೇಶನಗಳ ಹರಾಜು ಮತ್ತು ನಾನಾ ಶುಲ್ಕಗಳು. ನಿಯಮ ಮಾಡುವವನೇ ವ್ಯಾಪಾರವನ್ನೂ ಮಾಡಿದರೆ ಯಾವುದಕ್ಕೆ ಹೆಚ್ಚು ಗಮನ ಹೋದೀತು? 1987ರ ಕಾಯ್ದೆಯ ಮೂಲಕ ಮೈಸೂರು, ಮಂಗಳೂರು ಮೊದಲಾದ ಊರುಗಳಿಗೂ ನಗರಾಭಿವೃದ್ಧಿ ಪ್ರಾಧಿಕಾರಗಳು ಬಂದವು. ಮಾದರಿ ಅದೇ. ಇಷ್ಟಾಗಿಯೂ ನಿವೇಶನಕ್ಕೆ ಅರ್ಜಿ ಹಾಕಿದವರ ಸಾಲು ಬೆಳೆಯಿತೇ ಹೊರತು ಕರಗಲಿಲ್ಲ. ಜಮೀನು ಕಳೆದುಕೊಂಡ ರೈತ ನ್ಯಾಯಾಲಯದ ಮೆಟ್ಟಿಲು ಹತ್ತಿದ. ನಿವೇಶನ ಸಿಗದ ಕಾರ್ಮಿಕ ಕಂದಾಯ ಭೂಮಿಯಲ್ಲಿ ಸೈಟು ಕೊಂಡ.

ಕಾವಲುಗಾರನಿಲ್ಲದ ಕಾನೂನು

ಇಲ್ಲಿಯೇ ಕಟ್ಟಡ ನಿಯಮಗಳ ಕಥೆ ಬರುತ್ತದೆ. ಸೆಟ್‌ಬ್ಯಾಕ್ ಎಷ್ಟು ಬಿಡಬೇಕು, ಎಷ್ಟು ಅಂತಸ್ತು ಏರಿಸಬಹುದು, ಬೆಂಕಿ ಬಿದ್ದರೆ ಹೊರಬರುವ ದಾರಿ ಎಲ್ಲಿರಬೇಕು ಎಂಬುದೆಲ್ಲ ಪುಸ್ತಕದಲ್ಲಿದೆ. ಅದನ್ನು ಜಾರಿಗೆ ತರಲು ಬೇಕಾದದ್ದು ಜನ, ವಾಹನ, ಪ್ರಯೋಗಾಲಯ, ಸಮಯ, ಅಂದರೆ ಹಣ. ರಸ್ತೆ ಮಾಡಿದರೆ ಉದ್ಘಾಟನೆ ಉಂಟು, ಕಲ್ಲಿನ ಮೇಲೆ ಹೆಸರು ಉಂಟು. ಒಂದು ಕಟ್ಟಡ ಬೀಳದಂತೆ ತಡೆದರೆ ಯಾರಿಗೂ ಗೊತ್ತಾಗುವುದಿಲ್ಲ. ಹೀಗಾಗಿ ಆ ಬಾಬತ್ತಿಗೆ ಹಣ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ.

2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ನಗರ ಯೋಜನಾ ಸಾಮರ್ಥ್ಯದ ಕುರಿತ ವರದಿ ಈ ಬಡತನವನ್ನು ಅಂಕಿಯಲ್ಲಿ ಇಟ್ಟಿತು. ದೇಶದ 7,933 ನಗರ ವಸತಿಗಳಲ್ಲಿ ಸುಮಾರು ಶೇ. 65ಕ್ಕೆ ಮಾಸ್ಟರ್ ಪ್ಲಾನೇ ಇಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ನಗರ ಯೋಜಕರು ಬೇಕು. ಮಂಜೂರಾದ ಹುದ್ದೆಗಳು 4,000ಕ್ಕಿಂತ ಕಡಿಮೆ. ಅವುಗಳಲ್ಲೂ ಶೇ. 42 ಖಾಲಿ. ಅಂದರೆ ಕಾನೂನು ಮಾಡಿದ ಸರ್ಕಾರಗಳೇ ಅದನ್ನು ಕಾಯುವವರಿಗೆ ಸಂಬಳ ಇಡಲಿಲ್ಲ.

ಇದರ ಬೆಲೆ ತೆತ್ತವರು ಯಾರು? 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನ ಕಪಾಲಿ ಚಿತ್ರಮಂದಿರದ ಬಳಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತರು. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಪ್ರಾಣ ಬಿಟ್ಟರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಬಿದ್ದು 19 ಜೀವಗಳು ಹೋದವು. ಪ್ರತಿ ಸಾರಿಯೂ ತನಿಖೆ, ಪರಿಹಾರ, ಅಮಾನತು. ಕಟ್ಟುವ ಹಂತದಲ್ಲಿ ಬೀಳುವ ಕಟ್ಟಡದ ಕೆಳಗೆ ಮೊದಲು ಸಿಗುವವರು ಕೂಲಿಗೆ ಬಂದವರು. ಪರಿಹಾರಕ್ಕೆ ಸರ್ಕಾರ ಕೊಡುವ ಹಣವೂ ಬಜೆಟ್ಟಿನದೇ. ಅದನ್ನೇ ಮೊದಲು ತಪಾಸಣೆಗೆ ಇಟ್ಟಿದ್ದರೆ ಎಂಬ ಪ್ರಶ್ನೆ ಮಾತ್ರ ಸದನದಲ್ಲಿ ಹೆಚ್ಚು ಕೇಳಿಬರುವುದಿಲ್ಲ.

ತಡೆಯಲು ಹಣವಿಡದ ವ್ಯವಸ್ಥೆ ಕೊನೆಗೆ ತಪ್ಪನ್ನೇ ಆದಾಯವಾಗಿ ನೋಡತೊಡಗಿತು. ಭೂಪರಿವರ್ತನೆಯಾಗದ ಜಮೀನಿನಲ್ಲಿ, ಅನುಮೋದನೆಯಿಲ್ಲದ ಬಡಾವಣೆಗಳಲ್ಲಿ ಎದ್ದ ಮನೆಗಳನ್ನು ಬಿ ರಿಜಿಸ್ಟರಿನಲ್ಲಿ ಬರೆದು ತೆರಿಗೆ ವಸೂಲು ಮಾಡಲಾಯಿತು. ತೆರಿಗೆಗೆ ಮನೆ ಉಂಟು, ಪರವಾನಗಿಗೆ ಮನೆ ಇಲ್ಲ! 2007ರಲ್ಲಿ ಯೋಜನಾ ಕಾಯ್ದೆಗೆ ತಿದ್ದುಪಡಿ ತಂದು ಅಕ್ರಮ-ಸಕ್ರಮಕ್ಕೆ ದಾರಿ ಮಾಡಲಾಯಿತು. 2014ರ ನಿಯಮಗಳ ಪ್ರಕಾರ ವಾಸದ ಕಟ್ಟಡಗಳಲ್ಲಿ ಶೇ. 50ರವರೆಗಿನ, ಇತರ ಕಟ್ಟಡಗಳಲ್ಲಿ ಶೇ. 25ರವರೆಗಿನ ಉಲ್ಲಂಘನೆಯನ್ನು ಶುಲ್ಕ ಪಡೆದು ಸಕ್ರಮಗೊಳಿಸಬಹುದಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟು ಇದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆಯಾಜ್ಞೆ ನೀಡಿತು.

ಈ ವಿಷಯದಲ್ಲಿ ನಾವು ಎರಡು ಬಗೆಯ ಜನರನ್ನು ಬೇರೆ ಬೇರೆಯಾಗಿ ನೋಡಬೇಕು. ಜೀವಮಾನದ ಉಳಿತಾಯ ಸುರಿದು 20x30ರ ಸೈಟಿನಲ್ಲಿ ಮನೆ ಕಟ್ಟಿಕೊಂಡ ಆಟೋ ಚಾಲಕ, ಗಾರೆ ಕೆಲಸದವ, ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳು ಒಂದು ಕಡೆ. ಅನುಮೋದಿತ ನಕ್ಷೆಗಿಂತ ಎರಡಂತಸ್ತು ಹೆಚ್ಚು ಏರಿಸಿ ಲಾಭ ಹೊಡೆದ ಬಿಲ್ಡರ್ ಇನ್ನೊಂದು ಕಡೆ. ಮೊದಲನೆಯವರು ಕಾನೂನು ಮುರಿದದ್ದು ಕಾನೂನುಬದ್ಧ ನಿವೇಶನ ಅವರ ಕೈಗೆ ಎಟುಕದ ಕಾರಣ. ಎರಡನೆಯವರಿಗೆ ಆ ಅನಿವಾರ್ಯತೆ ಇರಲಿಲ್ಲ. ಶುಲ್ಕದ ಲೆಕ್ಕ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಬುಲ್ಡೋಜರು ಬಂದಾಗಲಾದರೋ ಮೊದಲನೆಯವರ ಮನೆಗೇ ಮೊದಲು ಬರುತ್ತದೆ.

ಲೆಕ್ಕ ಕೇಳುವ ಹಕ್ಕು

1992ರ 74ನೆಯ ಸಂವಿಧಾನ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಅದು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳಿವೆ. ಮೊದಲನೆಯದು ನಗರ ಯೋಜನೆ, ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಸಂವಿಧಾನ ಅಷ್ಟು ಮೊದಲಿಗೆ ಇಟ್ಟದ್ದನ್ನು ನಮ್ಮ ಸರ್ಕಾರಗಳು ಕೊನೆಗೆ ತಳ್ಳಿದವು. ಬೆಂಗಳೂರಿನಲ್ಲಿ ಯೋಜನೆಯ ಅಧಿಕಾರ ಚುನಾಯಿತ ಪಾಲಿಕೆಗೆ ಹೋಗದೆ ಸರ್ಕಾರ ನೇಮಿಸಿದ ಪ್ರಾಧಿಕಾರದಲ್ಲೇ ದಶಕಗಳ ಕಾಲ ಉಳಿಯಿತು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರಲ್ಲಿ ಊರನ್ನು ಐದು ಪಾಲಿಕೆಗಳಾಗಿ ವಿಂಗಡಿಸಿ, ಮೇಲೊಂದು ಪ್ರಾಧಿಕಾರ ಮಾಡಿ, ಯೋಜನೆಯ ಅಧಿಕಾರವನ್ನು ಅದಕ್ಕೆ ವಹಿಸಲಾಯಿತು. ಅದರ ಅಧ್ಯಕ್ಷರು ಮುಖ್ಯಮಂತ್ರಿ. ಹೆಸರು ಬದಲಾದರೂ ವಾರ್ಡಿನ ಜನರಿಂದ ನಕ್ಷೆ ದೂರವೇ ಉಳಿಯಿತು.

1898ರಿಂದ ಇಲ್ಲಿಯವರೆಗಿನ ಈ ದಾರಿಯಲ್ಲಿ ಎರಡು ಸಂಗತಿ ಮತ್ತೆ ಮತ್ತೆ ಕಾಣುತ್ತವೆ. ಅನಾಹುತ ನಡೆದಾಗ ಮಾತ್ರ ಯೋಜನೆಗೆ ಹಣ ಸಿಗುತ್ತದೆ. ಅನಾಹುತ ಮರೆತ ಮೇಲೆ ಯೋಜನೆ ತನ್ನ ಅನ್ನವನ್ನು ತಾನೇ ನೆಲ ಮಾರಿ ದುಡಿದುಕೊಳ್ಳಬೇಕಾಗುತ್ತದೆ. ನೆಲದ ಬೆಲೆಯಿಂದ ಬದುಕುವ ಯೋಜನೆ ನೆಲವಿಲ್ಲದವರ ಪರವಾಗಿರುವುದು ಕಷ್ಟ.

ಇದನ್ನು ಬದಲಿಸಬೇಕಾದರೆ ಕ್ರಾಂತಿಯೇನೂ ಬೇಕಿಲ್ಲ. ಯೋಜನೆ ಮಾಡುವ ಸಂಸ್ಥೆಯನ್ನೂ ನಿವೇಶನ ಮಾರುವ ಸಂಸ್ಥೆಯನ್ನೂ ಬೇರೆ ಮಾಡಬೇಕು. ಪ್ರತಿ ಪುರಸಭೆಯ ಬಜೆಟ್ಟಿನಲ್ಲಿ ನಕ್ಷೆ ತಯಾರಿಕೆಗೆ ಎಷ್ಟು, ತಪಾಸಣೆಗೆ ಎಷ್ಟು, ಎಷ್ಟು ಹುದ್ದೆ ಖಾಲಿ ಎಂಬುದನ್ನು ಪ್ರತ್ಯೇಕವಾಗಿ ತೋರಿಸಬೇಕು. ಪರವಾನಗಿ ಶುಲ್ಕವಾಗಿ ಬಂದ ಹಣದಲ್ಲಿ ಒಂದು ನಿಶ್ಚಿತ ಪಾಲು ತಪಾಸಣೆಗೇ ಹೋಗಬೇಕು. ಭೂಬಳಕೆ ಬದಲಾವಣೆಗೆ ವಸೂಲಾದ ಹಣ ಎಲ್ಲಿಗೆ ಹೋಯಿತೆಂದು ವಾರ್ಡಿನ ಜನರಿಗೆ ತಿಳಿಸಬೇಕು. ಬಡವರಿಗೆ ಕಾನೂನುಬದ್ಧ ನೆಲವನ್ನು ಅವರ ಆದಾಯಕ್ಕೆ ನಿಲುಕುವಂತೆ ಒದಗಿಸುವ ಖರ್ಚನ್ನು ಸರ್ಕಾರ ಖಜಾನೆಯಿಂದಲೇ ಭರಿಸಬೇಕು.

ಇವೆಲ್ಲ ಮೇಲಿನಿಂದ ತಾನಾಗಿ ಇಳಿದು ಬರುವುದಿಲ್ಲ. ಪುರಸಭೆಯ ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳುವ ಸಭೆಗಳು ನಡೆಯುತ್ತವೆ. ಅಲ್ಲಿ ಹೆಚ್ಚಾಗಿ ಖಾಲಿ ಕುರ್ಚಿಗಳಿರುತ್ತವೆ. ಮಾಹಿತಿ ಹಕ್ಕು ಕಾಯ್ದೆ 2005ರಿಂದ ನಮ್ಮ ಕೈಯಲ್ಲಿದೆ. ಕರಡು ನಕ್ಷೆ ಪ್ರಕಟವಾದಾಗ ಆಕ್ಷೇಪ ಸಲ್ಲಿಸಲು ಕಾಲಾವಕಾಶ ಇರುತ್ತದೆ. ನಮ್ಮ ಕೇರಿಯ ಮೇಲೆ ರಸ್ತೆ ಹಾದುಹೋಗಿದೆಯೇ, ಶಾಲೆಗೂ ಮೈದಾನಕ್ಕೂ ಜಾಗ ಬಿಟ್ಟಿದ್ದಾರೆಯೇ, ಸತ್ತವರನ್ನು ಮಣ್ಣು ಮಾಡಲು ನೆಲ ಇದೆಯೇ ಎಂದು ನೋಡಿಕೊಳ್ಳಬೇಕಾದ ಹೊತ್ತು ಅದು. ಬುಲ್ಡೋಜರು ಬೀದಿಯ ತುದಿಗೆ ಬಂದ ದಿನ ಆ ಹೊತ್ತು ಮೀರಿರುತ್ತದೆ.